ತಲೆಯ ಮೇಲೂ ಇಲ್ಲ, ಸೊಂಟದ ಮೇಲೂ ಇಲ್ಲ

ನಿನ್ನೆ ಮಂಚದ ಕೆಳಗೆ ಕಸ ಹೊಡೆಯುತ್ತಿದ್ದ ಮಗಳು ರೇಣುಕಾ ಕಸಬರಿಗೆಯ ತುದಿಯಿಂದ ಒಂದು ಸಿಂಬಿಯನ್ನು ಎಳೆದು ಹೊರಗೆ ಹಾಕಿದಳು. ಸಿಂಬಿ ನಿಮಗೆ ಗೊತ್ತಿರಬೇಕು. ಹಳೆಯ ಸೀರೆಯನ್ನು ಹಗ್ಗದ ಹಾಗೆ ಹುರಿ ಮಾಡಿ, ಗುಂಡಗೆ ಸುತ್ತಿ, ತಲೆಯ ಮೇಲಿಟ್ಟುಕೊಂಡು ಅದರ ಮೇಲೆ ಭಾರ ಹೊರುತ್ತಾರಲ್ಲ, ಅದು. ನನ್ನದು ಇಳಕಲ್ಲ ಸೀರೆಯದು. ಒಂದು ಕಾಲಕ್ಕೆ ಅದು ಕೆಂಪಗಿತ್ತು ಎಂದರೆ ನೀವು ನನ್ನ ಮಾತನ್ನು ನಂಬಬೇಕು, ಈಗ ಸಿಮೆಂಟಿನ ಬಣ್ಣವೊಂದೇ ಉಳಿದಿದೆ.

"ಅವ್ವಾ, ಇದನ್ನ ಚೆಲ್ಲಿ ಬರ್ಲೇನ?" ಎಂದಳು.

"ಅದನ್ನ ಚೆಲ್ಲಿದಿ ಅಂದ್ರ ನಿನ್ನೂ ಅದರ ಕೂಡನ ಚೆಲ್ತೇನಿ" ಎಂದೆ.

ಅವಳು ನಕ್ಕಳು. ನನ್ನ ಕಾಲ ಮೇಲೆ ಮಲಗಿದ್ದ ಮೊಮ್ಮಗಳೂ ನಕ್ಕಳು. ಕತ್ತು ಈಗಷ್ಟೇ ನಿಂತಿರುವ ಕೂಸಿಗೆ ಏನು ತಿಳಿಯಿತೋ, ಬೊಚ್ಚು ಬಾಯಿ ತೆರೆದು ನಕ್ಕೇ ನಕ್ಕಳು. ಆಕೆ ನಕ್ಕಾಗಲೆಲ್ಲ ನನಗೆ ಹಿಗ್ಗು ತಡೆಯಲಾಗುವುದಿಲ್ಲ, ಅದರ ಹಿಂದೆಯೇ ಒಂದು ಗಾಬರಿಯೂ ಬರುತ್ತದೆ. ಈ ನಗು ನೋಡಲು ನಾನು ಇಲ್ಲದೇ ಹೋಗುತ್ತಿದ್ದೆನಲ್ಲ ಎಂಬ ಗಾಬರಿ. ಹಿಗ್ಗಿಗೂ ಗಾಬರಿಗೂ ನನ್ನೊಳಗೆ ಒಂದೇ ಬಾಗಿಲು ಆಗಿಬಿಟ್ಟಿದೆ, ಒಂದು ಬಂದರೆ ಇನ್ನೊಂದೂ ಅದರ ಜೊತೆ ನುಗ್ಗುತ್ತದೆ.

ನಾನು ಮೂರನೇ ಇಯತ್ತೆಯವರೆಗೆ ಓದಿದವಳು. ಊರು ವಿಜಯಪುರದ ಕಡೆ, ಈಗ ಬಾಳುವೆ ಗೋವೆಯ ಚಿಂಬಲ್‌ನಲ್ಲಿ, ಒಂದು ಖೋಲಿಯಲ್ಲಿ. ನಮ್ಮ ಮನೆಯವರು ಸೆಂಟ್ರಿಂಗ್ ಕೆಲಸ ಮಾಡುತ್ತಾರೆ, ಅಂದರೆ ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಹಲಗೆ, ಕಂಬ ಕೊಟ್ಟು ತಂತಿಯಿಂದ ಕಟ್ಟುವುದು. ಅವರ ಹೆಸರು ಬರೆಯುವುದಿಲ್ಲ. ಬರೆಯಲು ಬರುತ್ತದೆ, ಆದರೂ ಬರೆಯುವುದಿಲ್ಲ, ನಮ್ಮಲ್ಲಿ ಹಾಗೆ. ನನ್ನ ಕೆಲಸ ಆ ಹಲಗೆಯ ಮೇಲೆ ಸುರಿಯುವ ಮಾಲನ್ನು, ಅಂದರೆ ಕಲಸಿದ ಸಿಮೆಂಟು ಜಲ್ಲಿಯನ್ನು, ಬುಟ್ಟಿಯಲ್ಲಿ ತುಂಬಿಸಿಕೊಂಡು ತಲೆಯ ಮೇಲೆ ಹೊತ್ತು ಮೇಲೆ ಒಯ್ಯುವುದು. ಹೊರುವುದೆಂದರೆ ಏನೆಂದು ತಿಳಿದಿದ್ದೀರಿ? ಕೈಗೆ ಅದರಲ್ಲಿ ಕೆಲಸವೇ ಇಲ್ಲ. ಒಬ್ಬರು ಎತ್ತಿ ತಲೆಗೆ ಇಡುತ್ತಾರೆ, ಮೇಲೆ ಇನ್ನೊಬ್ಬರು ಇಳಿಸಿಕೊಳ್ಳುತ್ತಾರೆ. ನಡುವೆ ಕುತ್ತಿಗೆ, ಬೆನ್ನು, ಕಾಲು. ನಾನು ಎರಡೂ ಕೈ ಬಿಟ್ಟು, ಅಡಕೆ ಎಲೆ ಮಡಚುತ್ತ ಮೂರು ಮಹಡಿ ಹತ್ತಿದವಳು. ಈ ಜಂಬ ಇಲ್ಲಿ ಯಾಕೆ ಹೇಳಿದೆನೆಂದರೆ ಇದೇ ಜಂಬ ಮುಂದೆ ನನ್ನನ್ನು ಡಾಕ್ಟರಬಾಯಿಯ ಎದುರು ತಲೆ ತಗ್ಗಿಸುವ ಹಾಗೆ ಮಾಡಿತು.

ಹೋದ ವರ್ಷ ಒಂದನೇ ಮಹಡಿಗೇ ಉಸಿರು ಸಿಕ್ಕಿಕೊಳ್ಳತೊಡಗಿತು. ಸಿಮೆಂಟಿನ ಧೂಳು ಎಂದುಕೊಂಡೆ. ಮೇಸ್ತ್ರಿ ನೋಡಿ, "ಮಾವಶಿ, ನೀ ಇನ್ನ ಸ್ಲ್ಯಾಬಿಗೆ ನೀರ ಹೊಡಿ ಸಾಕು" ಎಂದ. ಮಾವಶಿ ಅಂದರೆ ಇಲ್ಲಿಯವರ ಮಾತಿನಲ್ಲಿ ಚಿಕ್ಕವ್ವ. ಪೈಪು ಹಿಡಿದು ನಿಂತಲ್ಲೇ ಎದೆ ಹಾರತೊಡಗಿದಾಗ ನಮ್ಮ ಮನೆಯವರು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಎದೆಗೆ ತಣ್ಣಗಿನ ಅಂಟು ಹಚ್ಚಿ, ಟೀವಿಯಂಥದರಲ್ಲಿ ನನ್ನ ಹೃದಯವನ್ನು ನನಗೇ ತೋರಿಸಿದರು. ರೊಟ್ಟಿಗೆ ನಾದಿದ ಹಿಟ್ಟು ತಾನೇ ತಾನಾಗಿ ಮಿಸುಕಾಡಿದ ಹಾಗೆ ಕಂಡಿತು. ಇಷ್ಟು ವರ್ಷ ಒಳಗೆ ಇದೊಂದು ಜೀವ ನನಗೆ ಹೇಳದೆ ಕೇಳದೆ ದುಡಿಯುತ್ತಿತ್ತೇ ಎಂದು ನಾನು ಬಾಯಿ ತೆರೆದವಳು ಮುಚ್ಚಲಿಲ್ಲ.

ಡಾಕ್ಟರಬಾಯಿ ಗೋವೆಯವರು. ಅವರು ಆಡುವುದು ಕೊಂಕಣಿ, ನಡುನಡುವೆ ಹಿಂದಿ. ಇಷ್ಟು ವರ್ಷ ಇಲ್ಲಿದ್ದು ನನಗೆ ಎಲ್ಲ ತಿಳಿಯುತ್ತದೆ, ಬರೆಯುವುದು ಮಾತ್ರ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಹೃದಯದಾಗ ಬಾಗಿಲ ಇರ್ತಾವ, ಮಾವಶಿ. ಅದಕ್ಕ ವಾಲ್ವ್ ಅಂತೀವಿ. ನಿಮ್ಮದೊಂದು ಬಾಗಿಲ ಬಿರಸಾಗಿ ಅರ್ಧಾನೂ ತೆರಿವಲ್ದು" ಎಂದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆಗೆ ನಾನು ಬೆಪ್ಪಾದೆ. "ಸಣ್ಣಾಕಿದ್ದಾಗ ಮೊಣಕಾಲ ಬಾತು ಜ್ವರ ಬಂದಿತ್ತೇನ?"

ಬಂದಿತ್ತು. ಅದನ್ನು ಇವರಿಗೆ ಯಾರು ಹೇಳಿದರು? ಅದನ್ನು ಬಲ್ಲ ನಮ್ಮವ್ವ ಯಾವತ್ತೋ ಮಣ್ಣಾಗಿದ್ದಾಳೆ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಮೊದಲು ಗಂಟಲು ಕೆಟ್ಟಿತು. ಹಸಿ ಹುಣಸೆಕಾಯಿ ತಿಂದದ್ದಕ್ಕೆ ಎಂದು ಅವ್ವ ಬೆನ್ನಿಗೆ ಎರಡು ಹಾಕಿದಳು. ಅದು ವಾಸಿಯಾಗಿ ಸ್ವಲ್ಪ ದಿನಕ್ಕೆ ಮೊಣಕಾಲು ಬಾತಿತು. ಒಂದು ಕಾಲಿನದು ಇಳಿದರೆ ಇನ್ನೊಂದಕ್ಕೆ ಬರುವುದು, ಅಲ್ಲಿಂದ ಮುಂಗೈಗೆ. ನೋವು ಮೈಯೊಳಗೆ ಮನೆ ಮನೆ ತಿರುಗುವ ನೆಂಟರ ಹಾಗೆ ತಿರುಗಿತು. ಅವ್ವ ಎಕ್ಕೆಯ ಎಲೆಗೆ ಔಡಲೆಣ್ಣೆ ಸವರಿ, ಬೆಂಕಿಗೆ ಹಿಡಿದು ಬಿಸಿ ಮಾಡಿ ಕಟ್ಟುವಳು. ನನಗೋ ಒಳಗೊಳಗೇ ಸುಖ. ಸಗಣಿ ಬಳಿಯುವುದಿಲ್ಲ, ಸಾಲೆ ಇಲ್ಲ, ಬೆಲ್ಲ ಹಾಕಿದ ಹಾಲು ಕುಡಿಯುವುದು, ಕೌದಿಯ ಮೇಲೆ ಮಲಗಿ ಮಾಳಿಗೆಯ ಜಂತಿ ಎಣಿಸುವುದು. ಆ ಜ್ವರ ಹೋಯಿತು. ಸಾಲೆ ಮಾತ್ರ ಮರಳಿ ಬರಲಿಲ್ಲ. ಬಿಡಿಸಿದ್ದು ಬಿಡಿಸಿದ್ದೇ.

"ಅವತ್ತಿನ ಜ್ವರ ಸುಮ್ನ ಹೋಗಿರಲಿಲ್ಲ, ಮಾವಶಿ" ಎಂದರು ಡಾಕ್ಟರಬಾಯಿ. "ಹೋಗೂ ಮುಂದ ಈ ಬಾಗಲದಾಗ ಗಾಯ ಮಾಡಿ ಇಟ್ಟಿತ್ತು. ಆ ಗಾಯ ಒಳಗಿಂದೊಳಗ ಕಲ್ಲ ಆಗ್ತಾ ಬಂದೈತಿ."

ಕೇಳಿ ನನಗೆ ಸಿಟ್ಟು ಬರಲಿಲ್ಲ, ದಿಗಿಲಾಯಿತು. ನಾನು ಮದುವೆಯಾದೆ, ಗಾಡಿ ಹತ್ತಿ ಗೋವೆಗೆ ಬಂದೆ, ಎರಡು ಹೆತ್ತೆ, ಇಲ್ಲಿನ ಎಷ್ಟು ಮನೆಗಳಿಗೆ ಮಹಡಿ ಏರಿಸಿದೆ. ಅಷ್ಟೂ ದಿನ ಆ ಹುಡುಗಿಯ ಜ್ವರ ನನ್ನೊಳಗೆ ಸುಮ್ಮನೆ ಕೂತಿತ್ತೇ?

ಇನ್ನೊಂದು ಧಕ್ಕೆ ಇದರ ಬೆನ್ನಿಗೇ ಬಂತು. ನರ್ಸು ನನ್ನ ಆಧಾರ್ ಕಾರ್ಡು ನೋಡಿ, "ಅರವತ್ತೇಳು" ಎಂದಳು.

"ಯಾರಿಗ್ರಿ ಅರವತ್ತೇಳು?" ಎಂದೆ.

"ನಿಮಗ."

ನಾನು ನಮ್ಮ ಮನೆಯವರನ್ನು ನೋಡಿದೆ, ಅವರು ಗೋಡೆ ನೋಡಿದರು. ಕಾರ್ಡು ಮಾಡುವವರು ನಮ್ಮ ಓಣಿಗೆ ಬಂದ ದಿನ ನಾವು ಸ್ಲ್ಯಾಬ್ ಹಾಕುವ ಕೆಲಸದಿಂದ ನೇರ ಬಂದು ಸಾಲಿನಲ್ಲಿ ನಿಂತಿದ್ದೆವು. ಹುಟ್ಟಿದ ತಾರೀಖು ಕೇಳಿದರೆ ಹೇಳಲು ನಮ್ಮಿಬ್ಬರ ಹತ್ತಿರವೂ ಇರಲಿಲ್ಲ. ಆ ಹುಡುಗ ಮುಖ ನೋಡಿ ಅಂದಾಜು ಬರೆದುಕೊಂಡ. ನನ್ನ ತಲೆಯ ತುಂಬ ಸಿಮೆಂಟು, ಕೂದಲೆಲ್ಲ ಬೆಳ್ಳಗೆ. ನಮ್ಮ ಮನೆಯವರು ಬುದ್ಧಿವಂತರು, ನಳದಲ್ಲಿ ತಲೆ ತೊಳೆದು ಬಂದಿದ್ದರು. ಹೀಗಾಗಿ ಸರಕಾರದ ಪ್ರಕಾರ ನಾನು ನನ್ನ ಗಂಡನಿಗಿಂತ ಎಂಟು ವರ್ಷ ದೊಡ್ಡವಳು. ಇಷ್ಟು ವರ್ಷ ಈ ಕಾರ್ಡನ್ನು ಅಕ್ಕಿ ಡಬ್ಬಿಯಲ್ಲಿ ಜೋಪಾನ ಮಾಡಿದ್ದೆ, ಒಮ್ಮೆಯೂ ಓದಿರಲಿಲ್ಲ.

ಡಾಕ್ಟರಬಾಯಿ ಮಾತ್ರ ನಗಲಿಲ್ಲ. "ನನಗ ಖರೇ ವಯಸ್ಸು ಬೇಕು. ವಯಸ್ಸ ನೋಡಿ ವಾಲ್ವ್ ಆರಿಸೂದು" ಎಂದರು. ವಾಲ್ವಿನಲ್ಲಿ ಎರಡು ತರ ಇದ್ದವು. ಒಂದು ಲೋಹದ್ದು. ಹಾಕಿದರೆ ಜನ್ಮಕ್ಕೆ ಬರುತ್ತದೆ, ಆದರೆ ರಕ್ತ ತೆಳ್ಳಗಿಡುವ ಗುಳಿಗೆಯನ್ನು ಸಾಯುವತನಕ ಬಿಡುವಂತಿಲ್ಲ, ರಕ್ತ ತೋರಿಸುತ್ತ ಇರಬೇಕು, ಕೈಕಾಲು ಕೊಯ್ದುಕೊಂಡರೆ ರಕ್ತ ಬೇಗ ನಿಲ್ಲುವುದಿಲ್ಲ. ಇನ್ನೊಂದು ದನದ ಹೃದಯದ ಮೇಲಿನ ಪೊರೆಯಿಂದ ಮಾಡಿದ್ದು. ಅದಕ್ಕೆ ಆ ಗುಳಿಗೆಯ ಕಾಟ ಕೆಲವೇ ತಿಂಗಳು. ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ, ಆಗ ಮತ್ತೆ ಬದಲಿಸಬೇಕು. ವಯಸ್ಸಾದವರಿಗೆ ಪೊರೆಯದು, ವಯಸ್ಸು ಕಡಿಮೆ ಇದ್ದವರಿಗೆ ಲೋಹದ್ದು, ಹೆಚ್ಚಾಗಿ ಹಾಗೆ ಹಾಕುತ್ತಾರಂತೆ.

ನಾನು ವಯಸ್ಸಾದವಳೋ ಅಲ್ಲವೋ, ಅದೇ ಯಾರಿಗೂ ಗೊತ್ತಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಊರಿನಲ್ಲಿರುವ ಅಕ್ಕನಿಗೆ ಫೋನು ಹಚ್ಚಿದೆವು. ಅವಳಿಗೆ ಕಿವಿ ಮಂದ, ಹೀಗಾಗಿ ನಮ್ಮ ಮನೆಯವರು ಸ್ಪೀಕರ್ ಹಾಕಿದರು, ಸಾಲಿನಲ್ಲಿ ಕೂತವರೆಲ್ಲ ಕೇಳಿದರು.

"ಅಕ್ಕಾ, ನನಗ ವಯಸ್ಸೆಷ್ಟ?"

"ಯಾಕ? ಯಾರರ ನೋಡಾಕ ಬಂದಾರೇನ?"

"ದವಾಖಾನ್ಯಾಗ ಅದೇನಿ. ಚಂದಂಗ ಹೇಳು."

"ನೀ ಹುಟ್ಟಿದಾಗ ನನ್ನ ಮುಂದಿನ ಹಲ್ಲ ಬಿದ್ದಿದ್ವು. ನನಗಿಂತ ಏಳ ವರ್ಷ ಸಣ್ಣಾಕಿ ನೀ."

"ಹಂಗಾರ ನಿನಗೆಷ್ಟ?"

"ನಿನಗಿಂತ ಏಳ ಹೆಚ್ಚ."

ಮಗ್ಗುಲಿನ ಮುದುಕರೊಬ್ಬರು ನಗಲು ಹೋಗಿ ಕೆಮ್ಮಿದರು. ಕೊನೆಗೆ ಡಾಕ್ಟರಬಾಯಿಯೇ ರೇಣುಕಾಳ ವಯಸ್ಸು ಹಿಡಿದು, ನನ್ನ ಮದುವೆಯ ಅಂದಾಜು ಹಿಡಿದು, ಐವತ್ತರ ಆಚೆ ಅರವತ್ತರ ಈಚೆ ಎಂದು ತೀರ್ಪು ಕೊಟ್ಟರು. "ಈ ನಡುವಿನ ವಯಸ್ಸಿಗೆ ಎರಡೂ ನಡೀತಾವ, ಮಾವಶಿ. ನೀವ ಹೇಳ್ರಿ, ಯಾವ್ದು ಹಾಕಲಿ?"

ನನ್ನನ್ನು ಕೇಳಿದರು. ಉಡುವ ಸೀರೆಯ ಬಣ್ಣ ಯಾವುದಿರಲಿ ಎಂದು ಕೂಡ ಜನ್ಮದಲ್ಲಿ ನನ್ನನ್ನು ಯಾರೂ ಕೇಳಿದವರಿಲ್ಲ, ಎದೆಯೊಳಗೆ ಏನಿಡಬೇಕೆಂದು ಕೇಳುತ್ತಾರೆ. ನಮ್ಮ ಮನೆಯವರು ಬಹಳ ಹೊತ್ತು ವಿಚಾರ ಮಾಡಿ ಹೇಳಿದರು, "ನಮ್ಮ ಮನ್ಯಾಗಿನ ಎತ್ತ ಹತ್ತ ಹನ್ನೆರಡ ವರ್ಷ ದುಡೀತಿತ್ತ, ಆಮ್ಯಾಲ ಕುಂಟತಿತ್ತ. ಡಾಕ್ಟರಬಾಯಾರು ಹೇಳೂದೂ ಅದ ಲೆಕ್ಕಾನ ಐತಿ." ಇಷ್ಟು ಹೇಳಿ, ಯಾವುದು ಬೇಕೆಂದು ಹೇಳದೆ, ಮತ್ತೆ ಗೋಡೆ ನೋಡಿದರು.

ನನಗೆ ಪೊರೆಯದ್ದೇ ವಾಸಿ ಅನ್ನಿಸಿತ್ತು, ಗುಳಿಗೆಯ ಕಾಟವಿಲ್ಲ ಎಂದು. ಆದರೆ ನನ್ನ ತಲೆಯೊಳಗೆ ಇದ್ದದ್ದು ಬೇರೆಯೇ ಒಂದು. ರೇಣುಕಾ ಆಗ ಬಸುರಿ. ಝುವಾರಿನಗರದಲ್ಲಿರುವ ಗಂಡನ ಮನೆಯಿಂದ ಚೊಚ್ಚಿಲ ಬಾಣಂತನಕ್ಕೆ ನಮ್ಮಲ್ಲಿಗೆ ಬರುವವಳಿದ್ದಳು. ಬಾಣಂತನವೆಂದರೆ ಹುಟ್ಟಿದ ಕೂಸಿಗೆ ದಿನವೂ ಎರೆಯಬೇಕು. ಅಜ್ಜಿಯಾದವಳು ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಮೂಗು ತೀಡಿ, ಕೈಕಾಲು ಎಳೆದು, ಕೂಸು ಅಳುತ್ತ ಅಳುತ್ತಲೇ ನಿದ್ದೆ ಹೋಗುವ ಹಾಗೆ ಎರೆಯಬೇಕು. ನಾನು ಹೆತ್ತಾಗ ನಮ್ಮವ್ವ ಇರಲಿಲ್ಲ. ನನ್ನ ಎರಡು ಕೂಸುಗಳಿಗೂ ಎರೆದವರು ಮಗ್ಗುಲ ಖೋಲಿಯವರು, ಅವರ ಬಿಡುವು ನೋಡಿ. ನಾನು ಮೈ ನೆಟ್ಟಗಾಗುವ ಮೊದಲೇ ಕೆಲಸಕ್ಕೆ ಹೋದೆ. ಸಂಜೆ ಬಂದು ಮೂಸಿದರೆ ನನ್ನ ಕೂಸಿನ ಮೈಯಿಂದ ಬೇರೆಯವರ ಮನೆಯ ಸಾಬೂನಿನ ವಾಸನೆ ಬರುತ್ತಿತ್ತು. ನನ್ನ ಮಗಳ ಕೂಸಿಗೆ ಮಾತ್ರ ನಾನೇ ಎರೆಯುತ್ತೇನೆಂದು ಅವತ್ತೇ ಅಂದುಕೊಂಡಿದ್ದೆ.

ಹಾಗಾಗಿ ಕೇಳಿದೆ, "ಯಾವ್ದ ಹಾಕಿಸ್ಕೊಂಡ್ರ ಕೂಸಿಗೆ ಎರಿಯಾಕ ಆಕ್ಕೈತ್ರಿ?"

"ಎರಡರಾಗ ಯಾವ್ದ ಹಾಕಿಸ್ಕೊಂಡರೂ ಆಗ್ತೈತಿ. ಏನೂ ಹಾಕಿಸ್ಕೊಳ್ಳಲಿಲ್ಲ ಅಂದ್ರ ಆಗೂದಿಲ್ಲ" ಎಂದರು.

"ಪೊರಿದು ಸವೀತು ಅಂದ್ರ ಮತ್ತ ಎದಿ ಸೀಳೂದೇನ್ರಿ?"

"ಹೆಚ್ಚಿನಂಶ ಹೌದು."

"ಹಂಗಾರ ಕಬ್ಬಿಣದ್ದ ಹಾಕ್ರಿ. ಮೊಮ್ಮಕ್ಕಳ ಮದವಿ ಹೊತ್ತಿಗೆ ಮತ್ತ ದವಾಖಾನಿ ತುಳಿಯಾಕ ನನ್ನ ಕಡೆ ಆಗೂದಿಲ್ಲ."

"ಅದು ಕಬ್ಬಿಣ ಅಲ್ಲ, ಮಾವಶಿ."

"ತುಕ್ಕ ಹಿಡೀತೈತೇನ್ರಿ?"

"ಇಲ್ಲ."

"ಮತ್ತ ಇನ್ನೂ ಚಲೋ."

ನಮ್ಮ ಮನೆಯವರು ಆಗ ಬಾಯಿ ಬಿಟ್ಟರು, "ನಾನೂ ಅದನ್ನ ಅಂಬಾವಿದ್ದೆ." ಇರಲಿ ಬಿಡಿ, ಗಂಡಸರು ಹಾಗೇ.

ಗುಳಿಗೆಯ ಜೊತೆ ಸೊಪ್ಪಿನ ಒಂದು ತಕರಾರೂ ಬಂತು. ನಾನು ರೊಟ್ಟಿಯ ಜೊತೆ ಹಸಿ ಮೆಂತ್ಯಪಲ್ಯ, ಅಂದರೆ ಮೆಂತ್ಯದ ಸೊಪ್ಪು, ಆಡು ತಿಂದ ಹಾಗೆ ತಿನ್ನುವವಳು. ಸೊಪ್ಪು ಹೆಚ್ಚುಕಡಿಮೆ ಆದರೆ ಗುಳಿಗೆಯ ಲೆಕ್ಕ ತಪ್ಪುತ್ತದಂತೆ. "ಬಿಡಬ್ಯಾಡ್ರಿ, ದಿನಾ ಒಂದ ಅಳತಿ ತಿನ್ರಿ" ಎಂದರು. ಈಗ ನಮ್ಮ ಮನೆಯವರು ಊಟಕ್ಕೆ ಕೂತಾಗ ನನ್ನ ತಾಟಿನ ಮೆಂತ್ಯಪಲ್ಯವನ್ನು ಅಕ್ಕಸಾಲಿಗನ ಹಾಗೆ ನೋಡುತ್ತಾರೆ.

ಇವೆಲ್ಲ ಸಣ್ಣವು. ದೊಡ್ಡ ಧಕ್ಕೆ ಆಪರೇಶನ್ನಿನ ಹಿಂದಿನ ದಿನ ಬಂತು. ಬಾಗಿಲು ಬದಲಿಸುವಾಗ ಹೃದಯವನ್ನು ನಿಲ್ಲಿಸುತ್ತೇವೆ ಎಂದರು ಡಾಕ್ಟರಬಾಯಿ. ಅಷ್ಟು ಹೊತ್ತು ರಕ್ತವನ್ನು ಒಂದು ಯಂತ್ರ ತಿರುಗಿಸುತ್ತದೆ. ನಮ್ಮ ಮನೆಯವರು ತಲೆ ಅಲ್ಲಾಡಿಸಿದರು, "ಮೋಟರ್ ಬಂದ್ ಮಾಡ್ಲಾರದ ವಾಲ್ವ್ ಬದಲಿ ಮಾಡಾಕ ಬರೂದಿಲ್ಲ" ಎಂದರು. ಅವರಿಗೆ ಅದು ನೀರಿನ ಪೈಪಿನ ಮಾತು. ನನಗೆ ತಿಳಿದ ಮಟ್ಟಿಗೆ ಎದೆ ನಿಂತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಹೂವು ಹಾಕಿ, ಮಣ್ಣಿಗೆ ಒಯ್ಯುತ್ತಾರೆ.

"ನನ್ನ ಎದಿ ನಿಂತಾಗ ನಾ ಎಲ್ಲಿ ಇರತೇನ್ರಿ?" ಎಂದು ಕೇಳಿದೆ.

ಡಾಕ್ಟರಬಾಯಿ ಕೈಯಲ್ಲಿದ್ದ ಪೆನ್ನು ಜೇಬಿಗೆ ಇಟ್ಟರು. "ಇಲ್ಲೇ ಇರತೀರಿ, ಮಾವಶಿ. ನನ್ನ ಎದರಿಗೆ" ಎಂದರು.

ಆದರೆ ಇವತ್ತಿಗೂ ಆ ಹೊತ್ತು ನಾನು ಎಲ್ಲಿದ್ದೆ ಎಂಬುದು ನನಗೆ ಗೊತ್ತಿಲ್ಲ. ನೆನಪು ಮಾಡಿಕೊಳ್ಳಲು ಹೋದರೆ ಕೌದಿಯ ಮೇಲೆ ಮಲಗಿ ಎಣಿಸಿದ ಆ ಜಂತಿಗಳು ಕಣ್ಣಿಗೆ ಬರುತ್ತವೆ, ಆಚೆಗೆ ಏನೂ ಇಲ್ಲ.

ಎಚ್ಚರಾದಾಗ ಬಾಯಿಯಲ್ಲಿ ನಳಿಗೆ, ಎದೆಯ ನಟ್ಟನಡುವೆ ಮೇಲಿಂದ ಕೆಳಗೆ ಹೊಲಿಗೆ. ಎದೆಯ ಎಲುಬು ಸೀಳಿ ತಂತಿಯಿಂದ ಕಟ್ಟಿದ್ದಾರೆ ಎಂದು ಗೊತ್ತಾದಾಗ, ಸೆಂಟ್ರಿಂಗ್ ಕೆಲಸದವನ ಹೆಂಡತಿಗೆ ತಕ್ಕ ಆಪರೇಶನ್ ಎಂದು ನಗು ಬಂತು, ನಗಲು ಹೋಗಿ ಜೀವ ಹೋದಂತಾಯಿತು. ಕೆಮ್ಮಬೇಕು, ಕಫ ತೆಗೆಯಬೇಕು, ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯಬೇಕು ಎಂದರು. ದವಾಖಾನೆಯ ದಿಂಬು ಮೆತ್ತಗೆ, ಹಿಡಿದರೂ ಹಿಡಿದ ಹಾಗೆ ಆಗುತ್ತಿರಲಿಲ್ಲ. "ನನ್ನ ಸಿಂಬಿ ತಂದ ಕೊಡ್ರಿ" ಎಂದೆ. ನಮ್ಮ ಮನೆಯವರು ಅದನ್ನು ಕುದಿಯುವ ನೀರಿನಲ್ಲಿ ಹಾಕಿ, ಒಣಗಿಸಿ, ಅದರ ಮೇಲೊಂದು ಹೊಸ ಅರಿವೆ ಸುತ್ತಿ ತಂದರು. ಮೂವತ್ತು ವರ್ಷ ತಲೆಯ ಮೇಲೆ ಕೂತದ್ದು ಎದೆಗೆ ಇಳಿಯಿತು. ಅದನ್ನು ತಬ್ಬಿಕೊಂಡು ಕೆಮ್ಮಿದೆ, ತಬ್ಬಿಕೊಂಡೇ ವಾರ್ಡಿನಲ್ಲಿ ನಡೆಯಲು ಕಲಿತೆ.

ಮನೆಗೆ ಬಂದ ಮೇಲೆ ಹೊಸ ಬಾಗಿಲು ಟಿಕ್ ಟಿಕ್ ಎನ್ನುವುದು ಕೇಳತೊಡಗಿತು. ಗದ್ದಲ ಇಲ್ಲದಾಗ ಮಗ್ಗುಲಿನವರಿಗೂ ಕೇಳುತ್ತದೆ. ನಮ್ಮ ಖೋಲಿಗೆ ಗೋಡೆ ಗಡಿಯಾರ ಇರಲಿಲ್ಲ, ಈಗ ಆ ಕೊರತೆ ಇಲ್ಲ ಎಂದು ನಮ್ಮ ಮನೆಯವರು ಓಣಿಗೆಲ್ಲ ಹೇಳಿದರು.

ಎದೆಯ ಎಲುಬು ಕೂಡಿಕೊಳ್ಳುವ ತನಕ, ಅಂದರೆ ಮೂರು ತಿಂಗಳು, ತುಂಬಿದ ತಂಬಿಗೆಗಿಂತ ಹೆಚ್ಚಿನದನ್ನು ಎತ್ತಬಾರದು ಎಂದು ಡಾಕ್ಟರಬಾಯಿ ಬಜಾಯಿಸಿ ಹೇಳಿ ಕಳಿಸಿದ್ದರು. ಎತ್ತುವುದನ್ನು ಕೈಯಿಂದ ಮಾಡಿ ತೋರಿಸಿದ್ದರು ಕೂಡ. ನಾನು ಪಾಲಿಸಿದೆ, ಕೈಯಿಂದ ಒಂದು ಕಡ್ಡಿಯನ್ನೂ ಎತ್ತಲಿಲ್ಲ. ನಮ್ಮ ಓಣಿಯ ನಳ ಮೂಲೆಯಲ್ಲಿದೆ, ನೀರು ಬಂದಾಗ ಹಿಡಿದರೆ ಉಂಟು. ಒಂದು ತಿಂಗಳಾದ ಮೇಲೆ, ಮನೆಯವರು ಕೆಲಸಕ್ಕೆ ಹೋದಾಗ, ಮಗ್ಗುಲ ಮನೆಯ ಹೆಣ್ಣುಮಕ್ಕಳು ಕೊಡ ಎತ್ತಿ ನನ್ನ ತಲೆಯ ಮೇಲೆ ಇಟ್ಟರು. ಸಿಂಬಿ ತನ್ನ ಜಾಗಕ್ಕೆ ಬಂತು. ಎರಡೂ ಕೈ ಬಿಟ್ಟುಕೊಂಡು ನಡೆದು ಬಂದೆ, ಬಾಗಿಲಲ್ಲಿ ಅವರೇ ಇಳಿಸಿದರು. ಇದರಲ್ಲಿ ಎತ್ತಿದ್ದು ಎಲ್ಲಿ ಬಂತು?

ಮುಂದಿನ ಸಲ ತೋರಿಸಲು ಹೋದಾಗ ನಾನೇ ಹೆಮ್ಮೆಯಿಂದ ಹೇಳಿದೆ, "ಕೈ ಹಚ್ಚಿಲ್ಲ ನೋಡ್ರಿ. ಕೊಡ ತಲಿ ಮ್ಯಾಲ ಹೊತ್ತೇನಿ."

ಡಾಕ್ಟರಬಾಯಿ ನಿಂತವರು ಕುರ್ಚಿಯ ಮೇಲೆ ಕೂತರು. ನಮ್ಮ ಮನೆಯವರಿಗೂ ಆಗಲೇ ಗೊತ್ತಾದದ್ದು, ಅವರ ಮುಖ ಸಿಮೆಂಟಿನ ಹಾಗಾಯಿತು. ತಕ್ಷಣ ಎಕ್ಸರೇ ತೆಗೆಸಿದರು. ತಂತಿಗಳು ತಮ್ಮ ಜಾಗದಲ್ಲೇ ಇದ್ದವು. ನನ್ನ ಪುಣ್ಯವೋ ಕಟ್ಟಿದವರ ಕೈಗುಣವೋ.

"ಕೇಳ್ರಿ, ಮಾವಶಿ" ಎಂದರು ಅವರು, ಒಂದೊಂದೇ ಮಾತು ಬಿಡಿಬಿಡಿಯಾಗಿ. "ಕೈಯಾಗ ಇಲ್ಲ. ತಲಿ ಮ್ಯಾಲೂ ಇಲ್ಲ, ಸೊಂಟದ ಮ್ಯಾಲೂ ಇಲ್ಲ. ಬೆನ್ನ ಮ್ಯಾಲ, ಹೆಗಲ ಮ್ಯಾಲ, ಎಲ್ಲೆಲ್ಲೂ ಇಲ್ಲ. ಎಲುಬ ಸರದ್ರ ಮತ್ತ ತೆರೀಬೇಕಾಗ್ತೈತಿ. ತಿಳೀತ?"

ತಿಳಿಯಿತು. ತಲೆ ತಗ್ಗಿಸಿದೆ. ಚಿಂಬಲ್‌ನಲ್ಲಿ ಬಸ್ಸಿಳಿದ ಮೇಲೆ ನಮ್ಮ ಮನೆಯವರು, "ನೀರ ನಾ ತರತೇನಿ. ನೀ ಇದ್ರ ಸಾಕ" ಎಂದರು. ಅಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಂಥ ಮಾತು ಆಡಿದ್ದು ಅದೇ ಮೊದಲು. ನಾನು ರಸ್ತೆಯ ನಡುವೆ ನಿಂತುಬಿಟ್ಟೆ, ಹಿಂದಿನ ಸ್ಕೂಟರಿನವನು ಕೊಂಕಣಿಯಲ್ಲಿ ಬೈದ.

ರೇಣುಕಾ ಹೆತ್ತದ್ದು ದಿನ ತುಂಬುವ ಮೊದಲೇ. ಹೆಣ್ಣುಕೂಸು. ನನ್ನ ಮೂರು ತಿಂಗಳು ಇನ್ನೂ ಮುಗಿದಿರಲಿಲ್ಲ. ಕೂಸನ್ನು ನನ್ನ ಮುಂದೆ ಹಿಡಿದರು, ನಾನು ಕೈ ಚಾಚಿದೆ, "ಅವ್ವಾ, ಬ್ಯಾಡ" ಎಂದು ರೇಣುಕಾ ಕೂಗಿದಳು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ನಾನು ಕೂಸಿನ ಮುಖ ನೋಡಿದೆ, ಆಕೆ ಕಣ್ಣು ಕಿರಿದು ಮಾಡಿ ಎಲ್ಲಿಂದಲೋ ಬಂದವಳ ಹಾಗೆ ನನ್ನನ್ನು ನೋಡಿದಳು. ನನ್ನ ಎದೆ ನಿಂತು ನಡೆದಿತ್ತು, ಆದರೆ ಎತ್ತಿಕೊಳ್ಳಲು ಆಗದೆ ನಿಂತ ಆ ಗಳಿಗೆ ಅದಕ್ಕಿಂತ ಕಠಿಣ ಎನ್ನಿಸಿತು.

ಹೊಕ್ಕಳಬಳ್ಳಿ ಬೀಳುವ ತನಕ ಒರೆಸಿ ಇಡುವುದು, ಆಮೇಲೆ ಎರೆಯುವುದು. ಮಗ್ಗುಲ ಮನೆಯವಳು, "ನಾ ಎರೀತೇನಿ ಬಿಡ್ರಿ ಆಯಿ" ಎಂದಳು. ಅವಳ ಸಾಬೂನಿನ ವಾಸನೆ ನನ್ನ ಮೂಗಿಗೆ ಆಗಲೇ ಬಂತು. ಆಗ ನನಗೆ ಹೊಳೆಯಿತು, ಡಾಕ್ಟರಬಾಯಿ ಕೈ ಅಂದರು, ತಲೆ, ಸೊಂಟ, ಬೆನ್ನು, ಹೆಗಲು ಅಂದರು. ಕಾಲು ಅನ್ನಲಿಲ್ಲ.

ಇದನ್ನು ಹೇಳಿದ್ದೇ ತಡ, ನಮ್ಮ ಮನೆಯವರು ಚಪ್ಪಲಿ ಮೆಟ್ಟಿದರು. "ನಡಿ. ಮೊದಲ ಅವರನ್ನ ಕೇಳೂಣು. ನಿನ್ನ ಶಾಣ್ಯಾತನ ನಾ ನೋಡೇನಿ."

ಡಾಕ್ಟರಬಾಯಿ ನನ್ನ ಮಾತು ಕೇಳಿ ಹುಬ್ಬು ಮೇಲೇರಿಸಿದರು. ಕಾಲ ಮೇಲೆ ಎಂದರೆ ಹೇಗೆ ಎಂದರು. ಅವರ ಕಡೆಯೂ ಅಜ್ಜಿಯರು ಹಾಗೇ ಎರೆಯುತ್ತಾರಂತೆ, ಆದರೆ ಡಾಕ್ಟರಬಾಯಿ ಪುಸ್ತಕ ಓದುತ್ತ ಬೆಳೆದವರು, ನಿಂತು ನೋಡಿದವರಲ್ಲ. "ಮಾಡಿ ತೋರಸ್ರಿ" ಎಂದರು. ನಾನು ದವಾಖಾನೆಯ ನೆಲದ ಮೇಲೆ, ಗೋಡೆಗೆ ಬೆನ್ನು ಹಚ್ಚಿ, ಸೀರೆ ಮೊಣಕಾಲ ತನಕ ಸರಿಸಿ, ಕಾಲು ನೀಡಿ ಕೂತೆ. ಕೂಸಿನ ಬದಲಿಗೆ, ಕೆಮ್ಮು ಬಂದರೆ ಇರಲಿ ಎಂದು ಜೊತೆಗೆ ತಂದಿದ್ದ ಸಿಂಬಿ. ಬಾಗಿಲಲ್ಲಿ ಕೂತವರು ಒಳಗೆ ಇಣುಕಿದರು.

"ಕೂಸಿನ್ನ ಯಾರ ಎತ್ತಿ ಇಡ್ತಾರ?"

"ಇವರು" ಎಂದೆ. ನಮ್ಮ ಮನೆಯವರು ಸಿಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಡೆಯುವ ಗಾಜೇನೋ ಎನ್ನುವ ಹಾಗೆ ಬಗ್ಗಿ, ನನ್ನ ಕಾಲ ಮೇಲೆ ಇಟ್ಟರು. ತಮ್ಮ ಸ್ವಂತ ಎರಡು ಮಕ್ಕಳು ಕೂಸಾಗಿದ್ದಾಗ ಅವರು ಎತ್ತಿದವರಲ್ಲ. ಕೈ ಗರಗಸದ ಹಂಗೈತಿ, ಕೂಸಿನ ಮೈ ಗೀರೀತು ಎಂದು ದೂರ ನಿಲ್ಲುತ್ತಿದ್ದರು.

ನಾನು ಎಣ್ಣೆ ತಿಕ್ಕಿದೆ, ಇಲ್ಲದ ಎಣ್ಣೆ. ಮೂಗು ತೀಡಿದೆ. ತಂಬಿಗೆಯಿಂದ ನೀರು ಹಾಕಿದೆ.

"ಹೊಳ್ಳಸೂದ ಯಾರು?" ಎಂದರು ಡಾಕ್ಟರಬಾಯಿ. ನಮ್ಮ ಮನೆಯವರೇ ಸಿಂಬಿಯನ್ನು ಮಗುಚಿದರು.

"ತಲಿ ಹಿಡೀರಿ, ಮಾಮಾ" ಎಂದರು ಡಾಕ್ಟರಬಾಯಿ. "ಕೂಸಿನ ಕುತ್ತಿಗಿ ನಿಂತಿರೂದಿಲ್ಲ."

ನಮ್ಮ ಮನೆಯವರು ಸಿಂಬಿಗೆ ತಲೆ ಯಾವ ಕಡೆ ಎಂದು ತಿರುಗಿಸಿ ತಿರುಗಿಸಿ ಹುಡುಕಿದರು. ಬಾಗಿಲಲ್ಲಿದ್ದವರು ನಕ್ಕರು, ನರ್ಸು ನಕ್ಕಳು, ಡಾಕ್ಟರಬಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ನನಗೆ ನಗು ಬರಲಿಲ್ಲ. ಡಾಕ್ಟರಬಾಯಿ ಬೇಡ ಎನ್ನುತ್ತಾರೋ ಏನೋ ಎಂದು ನನ್ನ ಹೊಸ ಬಾಗಿಲು ಟಿಕಟಿಕ ಎಂದು ಓಡುತ್ತಿತ್ತು, ಆ ಸದ್ದು ಆ ಖೋಲಿಯಲ್ಲಿ ನನಗೊಬ್ಬಳಿಗೇ ಕೇಳುತ್ತಿತ್ತು.

ಅವರು ನನ್ನ ಎದೆಯ ಹೊಲಿಗೆಯ ಮೇಲೆ ಎರಡು ಬೆರಳಿಟ್ಟು, ಕೆಮ್ಮಿಸಿ, ಮತ್ತೆ ಕೆಮ್ಮಿಸಿ ನೋಡಿದರು. "ಬೆನ್ನ ಗ್ವಾಡಿಗೆ ಇರಬೇಕು. ಮುಂದ ಬಗ್ಗಬಾರ್ದು. ಎತ್ತೂದು, ಇಳಿಸೂದು, ಹೊಳ್ಳಸೂದು ಎಲ್ಲಾ ಮಾಮಾಂದು. ಎದಿಯಾಗ ಕಟ್ ಅಂದ್ರ ಅಲ್ಲೇ ಬಿಡಬೇಕು." ಅಷ್ಟು ಹೇಳಿ ನನ್ನ ಕೈ ಹಿಡಿದು, ಮೆಲ್ಲಗೆ ಎಬ್ಬಿಸಿ, "ಹೋಗ್ರಿ, ಎರೀರಿ" ಎಂದರು.

ಮೊದಲ ಸಲ ಎರೆದದ್ದು ಒಂದು ಮುಂಜಾನೆ, ಖೋಲಿಯ ಹಿಂದಿನ ಬಚ್ಚಲಲ್ಲಿ. ನಮ್ಮ ಮನೆಯವರು ಅದಕ್ಕೆಂದು ಹಿಂದಿನ ದಿನದಿಂದಲೇ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು, ಗರಗಸದ ಹಲ್ಲು ಮೆತ್ತಗಾಗಲಿ ಎಂದು. ನೀರು ಅವರೇ ಕಾಯಿಸಿದರು. ನಾನು ಗೋಡೆಗೆ ಒರಗಿ ಕಾಲು ನೀಡಿದೆ. ಅವರು ಕೂಸನ್ನು ತಂದು, ತಲೆ ಹಿಡಿದು, ನನ್ನ ಕಾಲ ಮೇಲೆ ಮಲಗಿಸಿದರು. ಆ ಭಾರ ನನ್ನ ಕಾಲಿಗೆ ತಾಕಿದಾಗ ನಾನು ಬೆಚ್ಚಿದೆ. ಜನ್ಮವೆಲ್ಲ ಭಾರ ಹೊತ್ತವಳು ನಾನು, ಇಷ್ಟು ಹಗುರಾದದ್ದು ಇಷ್ಟು ತೂಗುತ್ತದೆಂದು ಗೊತ್ತಿರಲಿಲ್ಲ. ಎಣ್ಣೆ ಹಚ್ಚಿದೆ, ಅವಳು ಕಿರುಚಿದಳು. ನೀರು ಹಾಕಿದೆ, ಇನ್ನೂ ಜೋರು ಕಿರುಚಿ ನಮ್ಮ ಮನೆಯವರ ಅಂಗಿಯ ತೋಳ ಮೇಲೆ ಉಚ್ಚೆ ಹೊಯ್ದಳು. ಅವರು ಹೆದರಿ ನೆಟ್ಟಗೆ ನಿಂತರು. "ನಿಮ್ಮನ್ನೂ ತೊಳದ ಕೊಡ್ಲೇನ್ರಿ?" ಎಂದೆ. ಹೊಳ್ಳಿಸಿರಿ ಎಂದಾಗ ಹೊಳ್ಳಿಸಿದರು. ಆಮೇಲೆ ಅಳುತ್ತ ಅಳುತ್ತಲೇ ಆ ಕಿರುಚು ಸಣ್ಣದಾಯಿತು, ರೆಪ್ಪೆ ಇಳಿಯಿತು, ನನ್ನ ಕಾಲ ಮೇಲೆಯೇ ನಿದ್ದೆ ಹೋದಳು.

ಎರೆದಾದ ಮೇಲೆ ಕೊನೆಯ ತಂಬಿಗೆ ನೀರನ್ನು ಕೂಸಿನ ಸುತ್ತ ತಿರುಗಿಸಿ ಚೆಲ್ಲುತ್ತಾರೆ, ಕಣ್ಣು ತಾಗಬಾರದೆಂದು. ಅದು ಎರೆದವಳ ಕೆಲಸ. ನಾನು ತಂಬಿಗೆಗೆ ಕೈ ಚಾಚುವ ಮೊದಲೇ ನಮ್ಮ ಮನೆಯವರು ಅದನ್ನು ತೆಗೆದುಕೊಂಡರು. ಗಂಡಸು ಹೀಗೆ ಮಾಡಿದ್ದನ್ನು ನಾನು ನಮ್ಮ ಕಡೆ ಎಲ್ಲೂ ಕಂಡಿಲ್ಲ, ಏನು ಮಾಡುತ್ತಾರೋ ಎಂದು ಸುಮ್ಮನೆ ನೋಡಿದೆ. ಅವರು ಕೂಸಿನ ಸುತ್ತ ತಂಬಿಗೆ ತಿರುಗಿಸಿದರು. ತಿರುಗಿಸಿದವರು ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ತಂಬಿಗೆಯನ್ನು ನನ್ನ ಎದೆಯ ಹೊಲಿಗೆಯ ಮುಂದೆ ತಂದು, ಅಲ್ಲಿಯೂ ನಿಧಾನಕ್ಕೆ ತಿರುಗಿಸಿ, ನನ್ನ ಮುಖ ನೋಡದೆ, ಹೊರಗೆ ಹೋಗಿ ನೀರು ಚೆಲ್ಲಿ ಬಂದರು.